ಕಾರಿನೊಳಗೆ ತುಳುಕಿದ ನೀರು

ಆಂಟನಿಗೆ ಕಿವಿ ಮಂದವಾಗಿದೆ ಎಂಬುದು ಇನ್ನಂಜೆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನೆಂದರೆ ಆಂಟನಿ ಒಬ್ಬನೇ. ಮೀನು ಮಾರುವ ವಾಸು ಗೇಟಿನ ಎದುರು ಸ್ಕೂಟರಿನ ಹಾರ್ನ್ ಒತ್ತಿ ಒತ್ತಿ ಬೇಸತ್ತು ಮುಂದಿನ ಮನೆಗೆ ಹೋಗುತ್ತಿದ್ದ. ಅಂಥ ದಿನ ಆಂಟನಿ ಬಾಳೆಕಾಯಿ ಪಲ್ಯದ ಎದುರು ಕುಳಿತು, ಈಗಿನ ಮೀನಿನವರಿಗೆ ಕೊಬ್ಬು ಜಾಸ್ತಿಯಾಗಿದೆ ಎಂದು ಬೈಯುತ್ತಿದ್ದ. ಇಗರ್ಜಿಯ ಪಾದ್ರಿಗಳು ‘ಆರೋಗ್ಯ ಹೇಗುಂಟು’ ಎಂದರೆ ‘ಹೌದು ಫಾದರ್, ಈ ವರ್ಷ ಮಳೆ ಬೇಗ ಬಂತು’ ಎನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ. ನಗದ ಹಾಗೆ ಅವನ ಹೆಂಡತಿ ಒಲಿಂಡಾ ನೋಡಿಕೊಂಡಿದ್ದಳು.

ಅದಕ್ಕೆ ಅವಳಿಗೆ ಕಾರಣವಿತ್ತು. ಆಂಟನಿ ಕುವೈಟಿನಲ್ಲಿ ಜರ್ಮನಿಯ ಕಾರುಗಳ ವರ್ಕ್‌ಶಾಪೊಂದರಲ್ಲಿ ಫೋರ್‌ಮನ್ ಆಗಿದ್ದವನು. ಬಾನೆಟ್ ತೆರೆಯುವ ಮೊದಲೇ ಸದ್ದು ಕೇಳಿ ರೋಗ ಹೇಳುವವನೆಂದು ಅಲ್ಲಿ ಹೆಸರು ಮಾಡಿದ್ದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿನವರು ಉಸಿರು ಬಿಗಿಹಿಡಿಯುತ್ತಿದ್ದರಂತೆ. ‘ಉಳಿದವರಿಗೆ ಕೈ ಅನ್ನ ಕೊಡುತ್ತದೆ, ನನಗೆ ಕಿವಿ’ ಎಂದು ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಅಂಥವನಿಗೆ ನಿನ್ನ ಕಿವಿ ಹೋಗಿದೆ ಎಂದು ಹೇಳುವುದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಹಾಗಿರಲಿ, ಕಟ್ಟಿದರೂ ಈ ಬೆಕ್ಕಿಗೆ ಗಂಟೆ ಕೇಳಬೇಕಲ್ಲ.

ಒಲಿಂಡಾ ಇಗರ್ಜಿಯ ಹಾಡುಗಾರರ ಕೊಯರ್ ನಡೆಸುವವಳು. ಮದುವೆಗೆ ಮೊದಲು ಆಂಟನಿ ಅದೇ ಕೊಯರಿನಲ್ಲಿ ಬೇಸ್ ಹಾಡುತ್ತಿದ್ದ. ಆ ತಗ್ಗಿನ ದನಿಗೇ ಅವಳು ಮರುಳಾದದ್ದು. ಕುವೈಟ್ ಬಿಟ್ಟು ಬಂದ ಮೇಲೆ ಪುನಃ ಹಿಂದಿನ ಸಾಲಿನಲ್ಲಿ ಬಂದು ನಿಂತ. ಆದರೆ ಈಚಿನ ವರ್ಷಗಳಲ್ಲಿ ಅವನ ಸ್ವರ ಜಾರತೊಡಗಿತು. ಎಲ್ಲರೂ ಒಂದು ಮೆಟ್ಟಿಲಲ್ಲಿದ್ದರೆ ಅವನು ಅದರ ಕೆಳಗಿನದರಲ್ಲಿ. ಬೇರೆಯವರು ಅರ್ಧ ಸ್ವರ ತಪ್ಪಿದರೂ ಅಭ್ಯಾಸ ನಿಲ್ಲಿಸಿ, ಎಲ್ಲರೆದುರು ಒಬ್ಬರನ್ನೇ ಹಾಡಿಸಿ ಬೆವರಿಳಿಸುವ ಒಲಿಂಡಾ ಗಂಡನ ವಿಷಯದಲ್ಲಿ ಮಾತ್ರ ಕೀಬೋರ್ಡಿನ ಲಿಡ್ವಿನ್‌ಗೆ ‘ಜೋರಾಗಿ ಬಾರಿಸು’ ಎಂದು ಕಣ್ಸನ್ನೆ ಮಾಡಿದಳು. ಅಲ್ಲಿ ಫ್ಯಾನಿನ ಗಾಳಿ ಬರುತ್ತದೆ ಎಂಬ ನೆಪ ಹೇಳಿ ಆಂಟನಿಯನ್ನು ಕಂಬದ ಮರೆಗೆ ಸರಿಸಿದಳು. ಮಣಿಪಾಲದಲ್ಲಿ ನರ್ಸ್ ಆಗಿರುವ ಮಗಳು ಸ್ಯಾಂಡ್ರಾ, ‘ಪಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಬಾ ಮಮ್ಮಿ’ ಎಂದು ಹೇಳಿ ಹೇಳಿ ಸೋತಿದ್ದಳು. ಮನೆಯ ಕೊಂಕಣಿಯಲ್ಲಿ ಆ ಗಂಡಹೆಂಡಿರ ನಡುವೆ ಬಹುವಚನ ಇರಲಿಲ್ಲ, ಗುಟ್ಟೂ ಇರಲಿಲ್ಲ, ಈ ಒಂದನ್ನು ಬಿಟ್ಟರೆ.

ಮನೆಯ ಎದುರು ಒಲಿಂಡಾಳ ಮಲ್ಲಿಗೆ ತೋಟ, ಹಿಂದೆ ಆಂಟನಿಯ ತಗಡಿನ ಶೆಡ್ಡು. ಬೆಳಿಗ್ಗೆ ಅವಳು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ ಶಂಕರಪುರದ ಹೂವಿನ ಕಟ್ಟೆಗೆ ಕಳುಹಿಸುತ್ತಿದ್ದಳು. ಅವನು ಶೆಡ್ಡಿನಲ್ಲಿ ಯಾರದಾದರೂ ಹಳೆಯ ಜರ್ಮನ್ ಗಾಡಿಯ ಹೊಟ್ಟೆ ಬಗೆಯುತ್ತಿದ್ದ. ಈ ಕಡೆ ಅಂಥ ಗಾಡಿಗಳನ್ನು ಮುಟ್ಟುವ ಧೈರ್ಯ ಇದ್ದವರು ಕಡಿಮೆ. ಆದ್ದರಿಂದ ಕೆಲಸಕ್ಕೆ ಬರ ಇರಲಿಲ್ಲ. ಆದರೆ ಒಂದೆರಡು ವರ್ಷದಿಂದ ಗಾಡಿಗಳು ಒಂದೊಂದಾಗಿ ಕಡಿಮೆಯಾಗಿ, ಈ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಉಳಿದದ್ದು ಸಂಗಮೇಶನ ಕಡುನೀಲಿ ಸೆಡಾನ್ ಮಾತ್ರ.

ಸಂಗಮೇಶ ಸಂತೆಕಟ್ಟೆಯ ಟೈಲ್ಸ್ ಕಂತ್ರಾಟುದಾರ. ಚಿಕ್ಕಂದಿನಲ್ಲಿ ಬಾಗಲಕೋಟೆ ಕಡೆಯಿಂದ ತಾಯಿ ರೇಣುಕವ್ವನ ಸೆರಗು ಹಿಡಿದು ಬಂದವನು. ತಾಯಿ ಮಣಿಪಾಲದ ಕಟ್ಟಡವೊಂದಕ್ಕೆ ಕಾಂಕ್ರೀಟು ಹೊರುತ್ತಿದ್ದಾಗ, ಎದುರಿನ ಪ್ರೊಫೆಸರರ ಅಂಗಳದಲ್ಲಿ ಆಗಷ್ಟೇ ಬಂದಿಳಿದಿದ್ದ ಈ ಕಾರನ್ನು ಮರಳಿನ ರಾಶಿಯ ಮೇಲೆ ಕುಳಿತು ನೋಡುತ್ತಿದ್ದ. ದೊಡ್ಡವನಾಗಿ, ಅದೇ ಪ್ರೊಫೆಸರರ ಮನೆಗೆ ಟೈಲ್ಸ್ ಹಾಕಿ, ಅವರು ಊರು ಬಿಡುವಾಗ ಕಾರನ್ನು ಕೇಳಿ ಪಡೆದ. ಅಷ್ಟು ಹೊತ್ತಿಗೆ ಕಾರಿಗೂ ವಯಸ್ಸಾಗಿತ್ತು. ಆದರೆ ಸಾಲಾಗಿ ನಿಂತ ಆರು ಸಿಲಿಂಡರುಗಳು ಒಮ್ಮೆ ಹುಮ್ಮಸ್ಸಿಗೆ ಬಂದವೆಂದರೆ ಮಣಿಪಾಲದ ಏರು ಏರೇ ಅಲ್ಲ.

ಮಳೆಗಾಲ ಶುರುವಾದಂದಿನಿಂದ ಆ ಕಾರಿಗೆ ವಿಚಿತ್ರ ರೋಗ. ಚೆನ್ನಾಗಿ ಓಡುತ್ತಿದ್ದದ್ದು ದಾರಿಯ ಮಧ್ಯೆ ನಡುಗಿ, ಎದುರಿನ ಕೆಂಪು ಹಳದಿ ದೀಪಗಳನ್ನೆಲ್ಲ ಒಮ್ಮೆಲೇ ಹೊತ್ತಿಸಿ, ನಿಂತುಬಿಡುತ್ತಿತ್ತು. ಎಳೆದು ತಂದು ಶೆಡ್ಡಿನಲ್ಲಿಟ್ಟರೆ ಒಂದೆರಡು ದಿನದಲ್ಲಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಆಂಟನಿ ತನ್ನ ಸ್ಕ್ರೂಡ್ರೈವರ್ ಹಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟಿದ್ದ: ‘ಬಿಸಿಯಾದಾಗ ಸಾಯುತ್ತದೆ, ತಣಿದಾಗ ಬದುಕುತ್ತದೆ. ಹೀಟಿನ ಸಮಸ್ಯೆ.’ ಥರ್ಮೋಸ್ಟಾಟ್ ಹೊಸತಾಯಿತು. ಫ್ಯಾನ್ ಹೊಸತಾಯಿತು. ಪೆಟ್ರೋಲ್ ಪಂಪೂ ಹೊಸತಾಯಿತು. ಪ್ರತಿ ಸಲವೂ ಕಾರು ನಗುನಗುತ್ತ ಗೇಟು ದಾಟಿ, ಮುಂದಿನ ಮಳೆಗೆ ಎಲ್ಲೋ ಮುಗ್ಗರಿಸಿತು.

ಆ ವಾರ ಅದು ಕಾಪು ಪೇಟೆಯ ನಡುವೆಯೇ ನಿಂತಿತು. ಎಳೆದುಕೊಂಡು ಬಂದ ಸಂಗಮೇಶ ಶೆಡ್ಡಿನ ಬಾಗಿಲಲ್ಲಿ ನೆನೆದ ಕೋಳಿಯಂತೆ ನಿಂತಿದ್ದ. ಜೊತೆಗೆ ರೇಣುಕವ್ವ. ಈ ಕಡೆಯ ಜನ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವರೂ ‘ಪೊರ್ಬುಗಳೇ’, ‘ಬಾಯಮ್ಮ’ ಎಂದು ಕರೆಯುವುದನ್ನು ಕಲಿತಿದ್ದರು.

“ಪೊರ್ಬುಗಳೇ, ಕಾರ್ಕಳದಾಗ ನಮ್ಮ ತಂಗಿ ನಾಗವೇಣಿ ಹಡದಾಳ್ರಿ. ಐತವಾರ ಬಾಣಂತೀನೂ ಕೂಸನ್ನೂ ಮನಿಗೆ ಕರಕೊಂಡ್ ಬರಬೇಕು,” ಎಂದು ಸಂಗಮೇಶ ಗಟ್ಟಿಯಾಗಿ ಹೇಳಿದ. “ಇದರಾಗ ಕರ್ಕೊಂಡ್ ಬರ್ತೀನಿ ಅಂತ ಮಾತು ಕೊಟ್ಟೀನಿ. ಮಳ್ಯಾಗ, ನಡುದಾರ್ಯಾಗ ಹಸಿ ಬಾಣಂತಿ ಕುಂತರ ಹೆಂಗ್ರಿ? ಈ ಸಲ ಆಗಲಿಲ್ಲಂದ್ರ ನಾ ಗಾಡೀನ ಮಂಗಳೂರಿಗೆ ಕೊಡ್ತೀನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಆಂಟನಿ ಅವನ ತುಟಿಗಳನ್ನೇ ನೋಡುತ್ತಿದ್ದ. ಮಾತು ಮುಗಿದ ಮೇಲೆ ಕೈಯನ್ನು ಹಳೆಬಟ್ಟೆಗೆ ಒರೆಸಿಕೊಂಡ.

“ಶನಿವಾರ ಸಂಜೆ ಬಂದು ತಗೊಂಡು ಹೋಗಿ. ಆಗದಿದ್ದರೆ ಈ ಶೆಡ್ಡಿಗೆ ಬೀಗ. ಇನ್ನು ನಾನು ಸ್ಪಾನರ್ ಮುಟ್ಟುವುದಿಲ್ಲ.”

ಅವನು ಸುಮ್ಮನೆ ಹೆದರಿಸುವ ಜಾತಿಯಲ್ಲ ಎಂಬುದು ಒಲಿಂಡಾಗೆ ಗೊತ್ತಿತ್ತು. ಒಮ್ಮೆ ಸಿಗರೇಟು ಬಿಡುತ್ತೇನೆ ಎಂದವನು ಆ ಕ್ಷಣಕ್ಕೇ ಬಿಟ್ಟಿದ್ದ. ಶೆಡ್ಡು ಮುಚ್ಚಿದರೆ ಈ ಮನುಷ್ಯ ದಿನವಿಡೀ ಜಗಲಿಯಲ್ಲಿ ಕುಳಿತು ಏನು ಮಾಡಿಯಾನು? ರೇಣುಕವ್ವ ಮಾತ್ರ ಎಂದಿನ ಹಾಗೆ ಪಕ್ಕಕ್ಕೆ ಬಂದು, “ಬಾಯಮ್ಮಾರ, ಒಂದ್ ಚೆಂಡು ಹೂವ ಕೊಡ್ರಿ. ಗಾಡಿ ಅಂದ್ರ ಲಕ್ಷ್ಮಿ, ಬರಿ ಹಣಿಲೆ ಇರಬಾರ್ದು,” ಎಂದು ಕೇಳಿ, ಮಲ್ಲಿಗೆಯನ್ನು ಕಾರಿನ ಗಾಜಿನ ಬುಡದಲ್ಲಿ, ವೈಪರುಗಳ ಮೇಲೆ ಅಲಂಕಾರ ಮಾಡಿ, ಕೈಮುಗಿದು ಹೋದಳು. ನನ್ನ ಹೂವು ದೇವರ ಮುಡಿಗೂ ಏರುತ್ತದೆ, ಜರ್ಮನ್ ಗಾಡಿಗೂ ಏರುತ್ತದೆ ಎಂದು ಒಲಿಂಡಾಗೆ ಅದರಲ್ಲಿ ಸ್ವಲ್ಪ ಜಂಬವೇ.

ಶುಕ್ರವಾರ ಬೆಳಿಗ್ಗೆ ಆಂಟನಿ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗಳನ್ನೂ ಬದಲಿಸಿ, ಇನ್ನು ಓಡಿಸಿ ನೋಡಿದರೆ ಆಯಿತು ಎಂದ. ಒಲಿಂಡಾಗೆ ಕಾಪುವಿನಲ್ಲಿ ಒಂದು ಮದುವೆ ಮನೆಗೆ ಹೂ ತಲುಪಿಸುವುದಿತ್ತು. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಹೊರಡುವಾಗಲೇ ಮಳೆ ಹನಿಯುತ್ತಿತ್ತು, ಕಾಪು ಹತ್ತಿರವಾಗುವಾಗ ಧೋ ಎಂದು ಸುರಿಯಿತು. ಖಾಸಗಿ ಬಸ್ಸೊಂದು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತ ಎದುರಿನಲ್ಲೇ ಹೋಗುತ್ತಿತ್ತು. ಅದು ಗಕ್ಕನೆ ನಿಂತಾಗ ಆಂಟನಿಯೂ ಬ್ರೇಕ್ ಒತ್ತಿದ.

ಗುಳುಕ್.

ಒಲಿಂಡಾ ಬುಟ್ಟಿಯ ಬದಿಗಿದ್ದ ನೀರಿನ ಬಾಟಲಿಯನ್ನು ನೋಡಿದಳು. ಅದು ಖಾಲಿ. ಬಸ್ಸು ಹೊರಟಿತು, ಮತ್ತೆ ನಿಂತಿತು. ಮತ್ತೆ ಗುಳುಕ್. ಈ ಸಲ ಸರಿಯಾಗಿ ಕೇಳಿಸಿತು. ಡ್ಯಾಶ್‌ಬೋರ್ಡಿನ ಆಚೆ, ಗಾಜಿನ ಬುಡದಲ್ಲಿ, ಬಾವಿಕಟ್ಟೆಯಿಂದ ಕೊಡ ಹೊತ್ತು ಬರುವಾಗ ಸೊಂಟದ ಬಳಿ ಆಗುವಂಥ ಸದ್ದು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಇದು ಅರ್ಧ ತುಂಬಿದ್ದು. ಮೂರನೆಯ ಸಲ ತುಳುಕಿದ್ದೇ ತಡ, ಕಾರು ಮೈಯೆಲ್ಲ ನಡುಗಿ ದೀಪಗಳನ್ನು ಹೊತ್ತಿಸಿತು. ಆಂಟನಿ ಅದನ್ನು ಹೇಗೋ ಬದಿಗೆ ತಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟ.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ‘ನೀರು ತುಳುಕಿತು, ನಿನಗೆ ಕೇಳಿಸಲಿಲ್ಲವಾ’ ಎಂದು ಒಂದು ಮಾತು. ಆದರೆ ಆ ಮಾತಿನ ಎರಡನೆಯ ಅರ್ಧವನ್ನು ಅವಳು ಹೇಳುವುದು ಹೇಗೆ? ಇಂಜಿನ್ನಿನ ಗುಂಡಿಗೆ ಬಡಿತ ಹೇಳುತ್ತಿದ್ದವನಿಗೆ ತನ್ನ ಕಾಲಬುಡದಲ್ಲೇ ತುಳುಕುವ ನೀರು ಕೇಳಲಿಲ್ಲ ಎಂದರೆ, ಶೆಡ್ಡಿಗೆ ಬೀಗ ಹಾಕಲು ಬೇರೆ ಕಾರಣ ಬೇಕಾ? ಹೇಳದಿದ್ದರೂ ಬೀಗ, ಹೇಳಿದರೂ ಬೀಗ. ಅವಳು ಹೂವಿನ ಬುಟ್ಟಿ ಎತ್ತಿಕೊಂಡು, ಕೊಡೆ ಬಿಡಿಸಿ, ಉಳಿದ ದಾರಿಯನ್ನು ನಡೆದೇ ಹೋದಳು.

ಮರಳಿ ಬಂದಾಗ ಬೇಲಿಯ ಆಚೆ ನೆರೆಮನೆಯ ಜೆರ್ಟ್ರೂಡ್ ತನ್ನ ಮಲ್ಲಿಗೆ ಗಿಡಗಳ ಬುಡ ಬಿಡಿಸುತ್ತಿದ್ದಳು. ಕೊಯರಿನ ಮೊದಲ ಸಾಲಿನವಳು, ಗುಟ್ಟಿನಲ್ಲಿ ಪಾಲಿದ್ದವಳು. ಒಲಿಂಡಾ ಅವಳಲ್ಲಿ ಎಲ್ಲವನ್ನೂ ಹೇಳಿ, “ನೀನೊಮ್ಮೆ ಮಾತಿನ ಮಧ್ಯೆ ಅವನಿಗೆ ಹೇಳುತ್ತೀಯಾ, ಕಾರಿನಲ್ಲಿ ನೀರಿನ ಸದ್ದು ಬರುತ್ತದೆ ಅಂತ?” ಎಂದು ಕೇಳಿದಳು.

ಜೆರ್ಟ್ರೂಡ್ ಸೊಂಟ ನೆಟ್ಟಗೆ ಮಾಡಿದಳು. “ನಾನು ಯಾವಾಗ ಆ ಕಾರಿನಲ್ಲಿ ಕೂತೆ ಮಾರಾಯ್ತಿ? ನಾವೆಲ್ಲ ನಿನ್ನ ಮಾತಿಗೆ ಇಷ್ಟು ಸಮಯ ಬಾಯಿ ಮುಚ್ಚಿದೆವು. ನಾನು ಹೈ ಸ್ವರದಲ್ಲಿ ಗಂಟಲು ಹರಿದುಕೊಂಡದ್ದು ದೇವರಿಗೆ ಕೇಳಲಿ ಅಂತ ಅಲ್ಲ, ಆಂಟನಿಯ ಸ್ವರ ಯಾರಿಗೂ ಕೇಳದಿರಲಿ ಅಂತ. ಇನ್ನು ನಿನ್ನ ಗಂಡ, ನಿನ್ನ ಬಾಯಿ.”

ಮಾತು ಖಾರವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಒಲಿಂಡಾ ತಾನು ಗಂಡನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಕಾದದ್ದು ತನ್ನ ಹೆದರಿಕೆಯನ್ನು ಎಂದು ಈಗ ಅನಿಸಿತು.

ಮಧ್ಯಾಹ್ನದ ಗಂಜಿ ಆರಿ ಹೋಯಿತು, ಆಂಟನಿ ಊಟಕ್ಕೆ ಬರಲಿಲ್ಲ. ಶೆಡ್ಡಿಗೆ ಹೋಗಿ ನೋಡಿದರೆ, ಎಳೆದು ತಂದಿಟ್ಟ ಕಾರಿನ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ. ಮಡಿಲಲ್ಲಿ ಹಳೆಯ ಹಿತ್ತಾಳೆ ಬೀಗ. ತೆಂಗಿನೆಣ್ಣೆಯ ಹನಿ ಬಿಟ್ಟು, ತುಕ್ಕು ಹಿಡಿದ ಕೀಲನ್ನು ಆಡಿಸಿ ಆಡಿಸಿ ಹದಕ್ಕೆ ತರುತ್ತಿದ್ದ. ಇಷ್ಟು ವರ್ಷ ಬಳಸದ ಬೀಗ ಅದು. ಅಷ್ಟು ಶ್ರದ್ಧೆಯಿಂದ ಅವನು ಬೀಗ ರಿಪೇರಿ ಮಾಡುತ್ತಿರುವುದನ್ನು ನೋಡಿ ಒಲಿಂಡಾಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಆಂಟನಿ, ಕಾರಿನಲ್ಲಿ ನೀರುಂಟು,” ಎಂದಳು.

ಅವನು ತಲೆ ಎತ್ತದೆ ಹೂಂ ಎಂದ.

“ಬ್ರೇಕ್ ಹಾಕಿದಾಗ ತುಳುಕುತ್ತದೆ. ತುಳುಕಿದ ಮೇಲೆ ಗಾಡಿ ನಡುಗುತ್ತದೆ.”

ಮತ್ತೊಂದು ಹೂಂ. ಬೀಗ ಕಟಕ್ಕೆಂದು ತೆರೆದುಕೊಂಡಿತು. ಅವನಿಗೆ ಮಾತು ಸರಿಯಾಗಿ ಕೇಳಿಸಿಲ್ಲ. ಎಷ್ಟೋ ವರ್ಷಗಳಿಂದ ಮೆಲ್ಲಗೆ, ಕೈ ಹಿಡಿದು, ಹೊತ್ತು ನೋಡಿ ಹೇಳಬೇಕು ಎಂದು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದ ಮಾತು ಅದು. ಆದರೆ ಕಿವುಡನಿಗೆ ಮೆಲ್ಲಗೆ ಹೇಳುವುದೆಂದರೆ ಹೇಳದೆ ಇದ್ದ ಹಾಗೆಯೇ. ಒಲಿಂಡಾ ಎದೆ ತುಂಬ ಉಸಿರು ಎಳೆದುಕೊಂಡಳು, ಕೊಯರಿನವರಿಗೆ ಅವಳೇ ಕಲಿಸುವ ಹಾಗೆ, ಹೊಟ್ಟೆಯ ತಳದಿಂದ.

“ಆಂಟನಿ, ನಿನಗೆ ಕಿವಿ ಕೇಳುವುದಿಲ್ಲ!”

ತಗಡಿನ ಮಾಡು ಅದನ್ನು ಇನ್ನೊಮ್ಮೆ ಹೇಳಿತು. ತೆಂಗಿನ ಮರದ ಕಾಗೆಗಳು ಹಾರಿದವು. ಬೇಲಿಯ ಆಚೆ ಜೆರ್ಟ್ರೂಡಳ ಕತ್ತಿಯ ಸದ್ದು ನಿಂತಿತು. ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದವರೂ ಬೆನ್ನು ನೆಟ್ಟಗೆ ಮಾಡಿ ಇತ್ತ ನೋಡಿದರು.

ಆಂಟನಿ ಬೀಗವನ್ನು ನೆಲದ ಮೇಲಿಟ್ಟ. ಮೂಗಿನ ತುದಿಯ ಕೋಪ ಈಗ ಸಿಡಿಯುತ್ತದೆ ಎಂದು ಅವಳು ಕಾದಳು.

“ಯಾರಿಗೆಲ್ಲ ಗೊತ್ತುಂಟು?” ಎಂದು ಕೇಳಿದ.

“ಎಲ್ಲರಿಗೂ,” ಎಂದು ಕೂಗಿದಳು. ಈಗ ಕೂಗದೆ ಬೇರೆ ದಾರಿ ಇರಲಿಲ್ಲ.

“ನನಗೂ ಗೊತ್ತಿತ್ತು,” ಎಂದ ಅವನು. ಎದ್ದು ಹೋಗಿ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡ. “ಇದನ್ನು ಇಂಜಿನ್ನಿಗೆ ಹಿಡಿದರೆ ಕೈಗೆ ನಡುಕ ಬರುತ್ತದೆ. ಕಿವಿಗೆ ಎಂತದೂ ಬರುವುದಿಲ್ಲ. ನಡುಕ ನೋಡಿಯೇ ಅಂದಾಜು ಮಾಡುತ್ತಿದ್ದೆ. ನಿನಗೆ ಹೇಳಿದರೆ, ಈ ಮನುಷ್ಯನದ್ದು ಮುಗಿಯಿತು ಅಂತ ನೀನು ತಿಳಿದುಕೊಂಡರೆ ಅಂತ ಹೆದರಿಕೆ. ನಿನ್ನ ಕಣ್ಣಿಗೆ ಮಾತ್ರ ಅದು ಕಾಣಬಾರದು ಅಂತ.”

ಒಲಿಂಡಾ ಅವನ ಎಣ್ಣೆಗೈ ಹಿಡಿದುಕೊಂಡಳು. ಒಂದೇ ಹಾಸಿಗೆಯ ಎರಡು ಬದಿಗೆ ಮಲಗಿ ಇಬ್ಬರೂ ಒಂದೇ ಗುಟ್ಟನ್ನು ಕಾದದ್ದನ್ನು ನೆನೆದರೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತಳು.

“ಅಳುವುದು ಆಮೇಲೆ,” ಎಂದ ಆಂಟನಿ. ಅವನ ಕಣ್ಣೂ ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಹಳೆಯ ಫೋರ್‌ಮನ್ ಎದ್ದಿದ್ದ. “ಎಂತದೋ ನೀರು ಅಂದೆಯಲ್ಲ, ಎಲ್ಲಿ? ಒಳಗೆ ಕೂತು ತೋರಿಸು.”

ಅವಳು ಪಕ್ಕದ ಸೀಟಿನಲ್ಲಿ ಕುಳಿತಳು. ಅವನು ಹಿಂದಿನಿಂದ ಕಾರನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೊಟ್ಟಿಲ ಹಾಗೆ ತೂಗಿದ. ಗುಳುಕ್, ಗುಳುಕ್. ಒಲಿಂಡಾ ಕಣ್ಣು ಮುಚ್ಚಿ, ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿ, ಮೂಲೆಯಿಂದ ಮೂಲೆಗೆ ಸರಿದು ಹೋಗಿ ಒಂದು ಕಡೆ ಬೆರಳಿಟ್ಟಳು. ಆಂಟನಿ ಬಾನೆಟ್ ಎತ್ತಿ, ವೈಪರುಗಳ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ. ಮುಚ್ಚಳ ಏಳುತ್ತಿದ್ದಂತೆ ಕೊಳೆತ ಹೂವಿನ ವಾಸನೆ ಶೆಡ್ಡು ತುಂಬಿತು.

ಗಾಜಿನ ಬುಡದ ಆ ತೊಟ್ಟಿಯಲ್ಲಿ ಕಪ್ಪು ನೀರು ಕೈ ಮುಳುಗುವಷ್ಟು ನಿಂತಿತ್ತು. ಅದರ ಅಂಚಿನಲ್ಲೇ ಇಂಜಿನ್ನನ್ನು ಆಳುವ ಕಂಪ್ಯೂಟರಿನ ಡಬ್ಬ. ಒಂದು ತುಳುಕಿಗೆ ನೀರು ಅದರೊಳಗೆ ನುಗ್ಗುತ್ತಿತ್ತು. ಶೆಡ್ಡಿನ ಸೆಕೆಗೆ ಒಂದೆರಡು ದಿನದಲ್ಲಿ ಡಬ್ಬ ಒಣಗುತ್ತಿತ್ತು. ಬಿಸಿಗೆ ಸಾಯುವುದೂ ಅಲ್ಲ, ತಂಪಿಗೆ ಬದುಕುವುದೂ ಅಲ್ಲ. ಆಂಟನಿ ಹಣೆಗೆ ಹೊಡೆದುಕೊಂಡ. “ಕುವೈಟಿನಲ್ಲಿ ಮಳೆ ಎಲ್ಲಿತ್ತು? ಅಲ್ಲಿ ಗಾಡಿಯನ್ನು ಕೊಲ್ಲುವುದು ಸೆಕೆ ಮತ್ತು ಮರಳು. ಈ ತೊಟ್ಟಿಯ ನೀರು ಹೋಗುವ ತೂತನ್ನು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ತೆರೆದು ನೋಡಿದವನಲ್ಲ. ಇಲ್ಲಿ ಕೂತು ಅಲ್ಲಿನ ರೋಗ ಹುಡುಕಿದೆ.”

ಅವನು ಅಂಗಿಯ ತೋಳು ಮಡಚಿ ಕೈ ಇಳಿಸಿ, ತೂತಿಗೆ ಅಡ್ಡವಾಗಿದ್ದ ಮುದ್ದೆಯನ್ನು ಎಳೆದ. ನೀರು ಗಳಗಳನೆ ಕೆಳಗೆ ನೆಲಕ್ಕೆ ಸುರಿಯಿತು. ಮುದ್ದೆಯ ಹಿಂದೆ ಒಂದು ಉದ್ದದ ಬಾಳೆನಾರು ಬಂತು, ಬರುತ್ತಲೇ ಇತ್ತು. ಆಂಟನಿ ಅದನ್ನು ಬೆಳಕಿಗೆ ಹಿಡಿದ. ಹೂಗಳೆಲ್ಲ ಕೊಳೆತು ಹೋಗಿದ್ದರೂ ನಾರಿನ ಗಂಟುಗಳು ಹಾಗೆಯೇ ಇದ್ದವು, ಪ್ರತಿಯೊಂದೂ ಎರಡೆರಡು ಸುತ್ತು ಹಾಕಿ ಬಿಗಿದದ್ದು.

“ಇಷ್ಟು ಬಿಗಿ ಕಟ್ಟುವವರು ಶಂಕರಪುರದ ಸುತ್ತಮುತ್ತ ಒಬ್ಬರೇ ಉಂಟು,” ಎಂದ.

ಒಲಿಂಡಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಂಟನಿ ಅವಳ ಮುಖ ನೋಡಿ ನಗಲು ಶುರು ಮಾಡಿದ. ಎಷ್ಟೋ ಕಾಲದ ನಂತರ ಅವನು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಅವಳು ನೋಡಿದ್ದು. ಬೇಲಿಯ ಆಚೆಯಿಂದ ಜೆರ್ಟ್ರೂಡ್ ‘ಎಲ್ಲ ಸರಿಯಾಯ್ತಾ?’ ಎಂದು ಕೂಗಿ ಕೇಳಿದಳು.

ಆ ಸಂಜೆಯೂ ಮರುದಿನವೂ ಆಂಟನಿ ಡಬ್ಬದ ಹಸಿರುಗಟ್ಟಿದ ಪಿನ್ನುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕಿ, ಸ್ಯಾಂಡ್ರಾ ಮನೆಯಲ್ಲಿ ಬಿಟ್ಟು ಹೋದ ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದ. ತೊಟ್ಟಿಗೆ ಕೊಡಗಟ್ಟಲೆ ನೀರು ಸುರಿದು ನೋಡಿದ; ಅಷ್ಟೂ ನೀರು ಕೆಳಗಿನ ತೂತಿನಿಂದ ಹೊರಗೆ ಬಂತು. ಕಾರು ಸ್ಟಾರ್ಟ್ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿದು, ಹಿಡಿಯನ್ನು ಹೆಂಡತಿಯ ಕಿವಿಗೆ ಕೊಟ್ಟ. “ಎಂತ ಕೇಳುತ್ತದೆ, ಹೇಳು.” ಒಲಿಂಡಾ ಕಣ್ಣು ಮುಚ್ಚಿದಳು. ಒಳಗೆ ಆರು ಜನ ಸ್ವರ ಹಿಡಿದು ಹಾಡುತ್ತಿದ್ದರು. “ಎಲ್ಲರೂ ಒಟ್ಟಿಗೆ ಇದ್ದಾರೆ,” ಎಂದಳು. “ಒಬ್ಬನೂ ಮುಂದೆ ಓಡುವುದಿಲ್ಲ.” ಆಂಟನಿಗೆ ಅಷ್ಟು ಸಾಕಾಯಿತು.

ಶನಿವಾರ ಸಂಜೆ ತಾಯಿಮಗ ಬಂದರು. ನಾರಿನ ಹಗ್ಗವನ್ನು ಕಂಡು ರೇಣುಕವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು.

“ಏರಿಸಿದ ಹೂವ ಕಾಲಾಗ ಬೀಳಬಾರ್ದಲ್ರಿ ಬಾಯಮ್ಮಾರ. ರಸ್ತೇದಾಗ ಒಗೆದ್ರ ಮಂದಿ ತುಳೀತಾರ. ಅದಕ್ಕ ಬಾಡಿದ್ದನ್ನ ಆ ಸಂದಿನ್ಯಾಗ ತುರುಕತಿದ್ನಿ. ಸ್ವಚ್ಛ ಜಾಗಾ, ಯಾರ ಕಾಲೂ ತಾಗಂಗಿಲ್ಲ ಅಂತ.”

ಸಂಗಮೇಶ ತಾಯಿಯನ್ನೂ ಕಾರನ್ನೂ ನೋಡಿ ನಗು ತಡೆದುಕೊಂಡ. ಒಲಿಂಡಾ ಅವಳ ಬೆನ್ನು ಸವರಿ, “ಹೂ ಕೊಟ್ಟದ್ದು ನಾನಲ್ಲವಾ? ತಪ್ಪು ಅರ್ಧ ಅರ್ಧ. ಇನ್ನು ಮುಂದೆ ಹೂ ಒಳಗೆ, ಕನ್ನಡಿಗೆ ಕಟ್ಟುವ. ಬಾಡಿದ್ದನ್ನು ನನ್ನ ಗಿಡದ ಬುಡಕ್ಕೆ ತಂದು ಹಾಕಿ,” ಎಂದಳು. ರೇಣುಕವ್ವ ಅದಕ್ಕೆ ಸಂತೋಷದಿಂದ ಒಪ್ಪಿದಳು.

ಸಂಗಮೇಶನಿಗೆ ಇನ್ನೂ ಒಳಗೊಳಗೆ ಅಳುಕು. “ಪೊರ್ಬುಗಳೇ, ನಾಳೆ ನೀವೇ ಓಡಿಸ್ರಿ. ನೀವು ಇದ್ರ ಧೈರ್ಯ,” ಎಂದ. ಆಂಟನಿ ಅವನ ತುಟಿ ನೋಡಿದ, ಆಮೇಲೆ ನೇರವಾಗಿ ಹೇಳಿದ: “ನನಗೆ ಕಿವಿ ಕಡಿಮೆ ಮಾರಾಯ. ಬರುವ ವಾರ ಮಣಿಪಾಲಕ್ಕೆ ಹೋಗುತ್ತೇನೆ, ಮಗಳು ಕಾದು ಕೂತಿದ್ದಾಳೆ. ಅಲ್ಲಿಯವರೆಗೆ ಇವಳು ಪಕ್ಕದಲ್ಲಿ ಇದ್ದರೆ ಓಡಿಸುತ್ತೇನೆ.” ಸಂಗಮೇಶ ಇದು ಇಂದು ತಿಳಿದ ಸುದ್ದಿ ಎಂಬಂತೆ ತಲೆಯಾಡಿಸಿದ. ಆ ನಟನೆ ಅವನಿಗೆ ಬರುತ್ತಿರಲಿಲ್ಲ.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಕಾರ್ಕಳಕ್ಕೆ ಹೋದರು. ಮರಳುವಾಗ ಹಿಂದಿನ ಸೀಟಿನಲ್ಲಿ ಮೈತುಂಬ ಶಾಲು ಹೊದ್ದ ನಾಗವೇಣಿ, ರೇಣುಕವ್ವನ ಮಡಿಲಲ್ಲಿ ಕೂಸು, ಅಂಚಿನಲ್ಲಿ ಮುದುಡಿ ಕುಳಿತ ಸಂಗಮೇಶ. ಬೈಲೂರಿನ ಹತ್ತಿರ ಮಳೆ ಹಿಡಿಯಿತು, ಎದುರಿನ ದಾರಿ ಕಾಣದಷ್ಟು. ತಿರುವಿನಲ್ಲಿ ದನಗಳು ಅಡ್ಡ ಬಂದು ಆಂಟನಿ ಜೋರಾಗಿ ಬ್ರೇಕ್ ಒತ್ತಿದ. ಅವನ ಕಣ್ಣು ರಸ್ತೆಯಿಂದ ಹೆಂಡತಿಯ ಮುಖಕ್ಕೆ ಹೋಯಿತು. ಒಲಿಂಡಾ ಕಿವಿಗೊಟ್ಟು ಕುಳಿತು, ಇಲ್ಲ ಎಂದು ತಲೆಯಾಡಿಸಿದಳು. ನೀರಿಲ್ಲ. ಆರೂ ಸಿಲಿಂಡರುಗಳು ಒಟ್ಟಿಗೆ ಉಸಿರೆಳೆದು ಏರು ಹತ್ತಿದವು. ಹಿಂದೆ ಸಂಗಮೇಶ ಕಾಲು ಚಾಚಿ ಸರಿಯಾಗಿ ಕುಳಿತ.

ಹಿರಿಯಡ್ಕ ದಾಟಿದ ಮೇಲೆ ಕೂಸು ಅಳತೊಡಗಿತು. ಆಂಟನಿಗೆ ಅಳು ಕೇಳಲಿಲ್ಲ, ಆದರೆ ಕನ್ನಡಿಯಲ್ಲಿ ಮೂವರೂ ಕೂಸಿನ ಮೇಲೆ ಬಾಗಿದ್ದು ಕಂಡಿತು. ಅವನು ಗಂಟಲು ಸರಿ ಮಾಡಿಕೊಂಡು ಮರಿಯಮ್ಮನ ಒಂದು ಹಳೆಯ ಗೀತೆಯನ್ನು ತೆಗೆದ. ಸ್ಯಾಂಡ್ರಾಳನ್ನು ಮಲಗಿಸುತ್ತಿದ್ದ ಗೀತೆ ಅದು. ದನಿ ಹಳೆಯದೇ, ಅಗಲವಾದದ್ದು. ಸ್ವರ ಮಾತ್ರ ಒಂದು ಮೆಟ್ಟಿಲು ಕೆಳಗೆ.

ಒಲಿಂಡಾಳ ಕೈ ತಾನಾಗಿಯೇ ರೇಡಿಯೋದ ತಿರುಪಿಗೆ ಹೋಯಿತು. ಅದನ್ನು ಜೋರು ಮಾಡಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ತಿರುಪನ್ನು ಮುಟ್ಟಿದವಳು ಅಲ್ಲೇ ತಡೆದಳು. ಆಮೇಲೆ ಕೈ ತೆಗೆದು, ಅವನಿಗೆ ಕಾಣುವ ಹಾಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟು, ತೋರುಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದಳು.

ಆಂಟನಿ ಹಾಡುತ್ತಲೇ ಆ ಬೆರಳನ್ನು ನೋಡಿದ. ಸ್ವರವನ್ನು ತುಸು ಏರಿಸಿದ. ಬೆರಳು ಇನ್ನೂ ಮೇಲೆ ಹೋಯಿತು. ಅವನೂ ಹೋದ. ಬೆರಳು ನಿಂತಿತು. ಅವಳು ತನ್ನ ಸ್ವರವನ್ನು ಅದರ ಮೇಲಿಟ್ಟಳು, ಎರಡೂ ಒಂದಾಗಿ ಕೂಡಿ ಕಾರಿನ ತುಂಬ ನಿಂತವು. ಕೂಸು ಅಳು ಮರೆತು ಬಾಯಿ ತೆರೆದುಕೊಂಡು ನೋಡಿತು.

“ಈಗ ಕೂಡ್ತು ನೋಡ್ರಿ,” ಎಂದಳು ಹಿಂದಿನಿಂದ ರೇಣುಕವ್ವ.

ಹಾಡು ಮುಗಿದ ಮೇಲೆ ಪರ್ಕಳದ ಹತ್ತಿರ ಆಂಟನಿ ಕೊಂಕಣಿಯಲ್ಲಿ ಕೇಳಿದ: “ತುಂಬ ಸಮಯದಿಂದ ಕೆಳಗೆ ಇದ್ದೆನಾ?”

“ತುಂಬ ಸಮಯದಿಂದ,” ಎಂದು ಒಲಿಂಡಾ ಅವನಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

“ಅದಕ್ಕೇ ಕಂಬದ ಹಿಂದೆ ಹಾಕಿದ್ದಾ? ಫ್ಯಾನ್ ಉಂಟು ಅಂತ ನೀನು ಹೇಳಿದ್ದೆ.”

“ಫ್ಯಾನೂ ಉಂಟಲ್ಲ.”

ಅವನ ಭುಜ ನಗುವಿನಿಂದ ಕುಲುಕಿತು. ಮಳೆ ಕಡಿಮೆಯಾಗಿ, ಎದುರಿನಲ್ಲಿ ಮಣಿಪಾಲದ ಎತ್ತರದ ಕಟ್ಟಡಗಳು ಮಂಜಿನಿಂದ ಹೊರಗೆ ಬರುತ್ತಿದ್ದವು.

“ಬರುವ ಭಾನುವಾರ ನನ್ನನ್ನು ಎದುರಿನ ಸಾಲಿನಲ್ಲಿ ನಿಲ್ಲಿಸು,” ಎಂದ ಆಂಟನಿ. “ನಿನ್ನ ಬೆರಳು ನನಗೆ ಕಾಣಬೇಕು.”